ಬೆನ್ನುಹುರಿಗೆ ಪೆಟ್ಟಾದವರ ಬಹಿರ್ದೆಸೆಯ ಕ್ರಮ

ಚನ್ನರಾಯಪಟ್ಟಣ ಹೋಬಳಿಯ ರೈತ ಕುಟುಂಬಗಳಿಗಾಗಿ ಮಾಡಿದ ಭಾಷಣ



ಇಂಥ ಸಭೆಗಳಲ್ಲಿ ರಾಗಿಯ ತಳಿ, ಹಿಪ್ಪುನೇರಳೆಯ ಗೊಬ್ಬರ, ದ್ರಾಕ್ಷಿ ಚಪ್ಪರಕ್ಕೆ ಬಂದ ರೋಗ ಮುಂತಾದ ವಿಷಯಗಳನ್ನು ಮಾತನಾಡುವುದು ವಾಡಿಕೆ. ಈ ದಿನ ನಾನು ತೆಗೆದುಕೊಂಡಿರುವ ವಿಷಯ ಬೇರೆ. ಕೇಳಿದೊಡನೆ ಕೆಲವರು ಮುಖ ತಿರುಗಿಸಬಹುದು, ಹಿಂದೆ ಕುಳಿತಿರುವ ಹುಡುಗರು ನಗಬಹುದು. ನಗಲಿ, ಅಡ್ಡಿಯಿಲ್ಲ. ಹಸುವಿಗೆ ಸಗಣಿ ಕಟ್ಟಿದರೆ ನಾವು ನಾಚಿಕೆಯಿಲ್ಲದೆ ಪಶುವೈದ್ಯರ ಮುಂದೆ ಎಲ್ಲವನ್ನೂ ಹೇಳುತ್ತೇವೆ. ಮನೆಯ ಮನುಷ್ಯನಿಗೆ ಅದೇ ಕಷ್ಟ ಬಂದರೆ ಮಾತ್ರ ಬಾಯಿ ಕಟ್ಟುತ್ತದೆ.

ನಮ್ಮ ಸೀಮೆಯಲ್ಲಿ ಬೆನ್ನು ಮುರಿಯುವುದಕ್ಕೆ ಯುದ್ಧವೇನೂ ಬೇಕಾಗಿಲ್ಲ. ಹುಣಿಸೆಕಾಯಿ ಬಡಿಯಲು ಕೊಂಬೆಯ ತುದಿಗೆ ಹೋದವನು ಬೀಳುತ್ತಾನೆ. ಹಲಸಿನ ಮರ, ತೆಂಗಿನ ಮರ, ಮನೆ ಕಟ್ಟುವಾಗಿನ ಸಾರುವೆ, ಬದುವಿನ ಮೇಲೆ ಮಗುಚಿದ ಟ್ರ್ಯಾಕ್ಟರು, ಹೆದ್ದಾರಿಯ ಮೇಲೆ ರಾತ್ರಿ ಓಡುವ ಮೋಟಾರ್ ಸೈಕಲ್ಲು, ಇವೆಲ್ಲವೂ ಆಗುವ ಕಡೆ ಇದೂ ಆಗುತ್ತದೆ. ಮಲೆನಾಡು ಕರಾವಳಿಗಳಲ್ಲಾದರೆ ಅಡಿಕೆ ಮರ. ಬಿದ್ದವನು ಕಾಲು ಆಡಿಸಲಾರೆ ಎಂದರೆ ಕಂಕುಳಿಗೆ ಕೈಕೊಟ್ಟು ಎತ್ತಿ ಕೂರಿಸಕೂಡದು, ನೀರು ಕುಡಿಸಲು ತಲೆ ಎತ್ತಕೂಡದು. 108ಕ್ಕೆ ಕರೆ ಮಾಡಿ, ಬಂಡಿ ಬರುವವರೆಗೆ ಅವನನ್ನು ಇದ್ದಂತೆಯೇ ಇರಿಸಬೇಕು. ಸಾಗಿಸಲೇಬೇಕಾಗಿ ಬಂದರೆ ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ನಾಲ್ಕೈದು ಜನ ಸೇರಿ ಹಲಗೆಯ ಮೇಲೆ ಮಲಗಿಸಿ ಒಯ್ಯತಕ್ಕದ್ದು. ಇಷ್ಟನ್ನು ಹೇಳಿ ಈ ಭಾಗವನ್ನು ಬಿಡುತ್ತೇನೆ. ನನ್ನ ಮಾತು ಆಮೇಲಿನದು.

ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಾಯಿತು, ಸಾಲವಾಯಿತು, ಮನೆಗೆ ಬಂದದ್ದಾಯಿತು. ನೆಂಟರೆಲ್ಲ ಬಂದು ಕೇಳುವುದು ಒಂದೇ ಪ್ರಶ್ನೆ: ಯಾವಾಗ ನಡೆಯುತ್ತಾನೆ? ಮಂಚದ ಮೇಲಿರುವವನ ಮನಸ್ಸಿನಲ್ಲಿರುವುದು ಬೇರೆ ಪ್ರಶ್ನೆ. ಹೊಟ್ಟೆ ಯಾವಾಗ ಹೋಗುತ್ತದೆಂಬುದು ಅವನಿಗೆ ತಿಳಿಯುವುದಿಲ್ಲ. ನಾಲ್ಕು ದಿನ ಹೋಗುವುದೇ ಇಲ್ಲ. ಐದನೆಯ ದಿನ, ಊರಿನವರು ಬಂದು ಕುಳಿತಿರುವಾಗಲೇ, ಅರಿವಿಲ್ಲದೆ ಹಾಸಿಗೆಯಲ್ಲಿ ಆಗಿಬಿಡುತ್ತದೆ. ವಾಸನೆ ಬಂದಮೇಲೆ ಅವನಿಗೂ ಗೊತ್ತಾಗುವುದು. ಇಂಥದು ಎರಡು ಸಲ ಆದರೆ ಸಾಕು, ಆತ ಊಟ ಕಡಿಮೆ ಮಾಡುತ್ತಾನೆ. ತಿಂದರೆ ತಾನೇ ಆಗುವುದು ಎಂಬ ಲೆಕ್ಕ. ಮದುವೆ ಮನೆ ಬೇಡ, ಜಗಲಿಯೂ ಬೇಡ, ಹಿಂದಿನ ಕೋಣೆ ಸಾಕು ಎನ್ನುತ್ತಾನೆ. ಕಾಲು ಹೋದ ದುಃಖಕ್ಕಿಂತ ಈ ದುಃಖ ದೊಡ್ಡದೆಂದು ಈ ಪೆಟ್ಟು ತಿಂದ ಅನೇಕರು ಹೇಳುತ್ತಾರೆ. ಕೇಳುವವರು ಕಡಿಮೆ, ಅಷ್ಟೆ.

ನಾನು ಹೇಳಬಂದಿರುವುದು ಇದು: ಆಜ್ಞೆ ತಪ್ಪಿದ ಕರುಳಿಗೂ ಹೊತ್ತನ್ನು ಕಲಿಸಬಹುದು. ಕಾಲಿನ ಶಕ್ತಿ ಮರಳದಿದ್ದರೂ ದಿನದಲ್ಲಿ ಮುಕ್ಕಾಲು ಗಂಟೆ ಇದಕ್ಕೆಂದು ಗೊತ್ತುಮಾಡಿದರೆ, ಉಳಿದ ಹೊತ್ತು ಆ ಮನುಷ್ಯನದಾಗುತ್ತದೆ.

ಹೇಗೆಂದು ತಿಳಿಯಬೇಕಾದರೆ ಒಳಗಿನ ಏರ್ಪಾಡನ್ನು ಸ್ವಲ್ಪ ನೋಡಬೇಕು. ನಿಮಗೆಲ್ಲ ಕೆರೆಯ ತೂಬೂ ಗೊತ್ತು, ನೀರುಗಂಟಿಯೂ ಗೊತ್ತು. ದೊಡ್ಡ ಕರುಳು ಕಾಲುವೆ, ಗುದದ್ವಾರದ ಸ್ನಾಯು ತೂಬಿನ ಬಾಗಿಲು, ಮಿದುಳು ನೀರುಗಂಟಿ ಎಂದಿಟ್ಟುಕೊಳ್ಳಿ. ಕಾಲುವೆ ತುಂಬಿತು ಎಂಬ ಸುದ್ದಿ ಬೆನ್ನುಹುರಿಯ ಮೂಲಕ ಮೇಲೆ ಹೋಗುತ್ತದೆ. ಈಗ ಬೇಡ, ಸ್ವಲ್ಪ ತಡೆ ಎಂಬ ಅಪ್ಪಣೆ ಅದೇ ದಾರಿಯಲ್ಲಿ ಕೆಳಗೆ ಬರುತ್ತದೆ. ಹುರಿಗೆ ಪೆಟ್ಟಾದರೆ ಸುದ್ದಿ ಹೋಗುವುದಿಲ್ಲ, ಅಪ್ಪಣೆ ಬರುವುದಿಲ್ಲ. ಆದರೆ ಕಾಲುವೆ ಬತ್ತಿಲ್ಲ ಎಂಬುದನ್ನು ಮರೆಯಬೇಡಿ. ಕರುಳಿನ ಗೋಡೆಯಲ್ಲಿ ಅದರದೇ ಆದ ನರಗಳಿವೆ. ಅವು ಮಲವನ್ನು ಮುಂದೂಡುತ್ತಲೇ ಇರುತ್ತವೆ, ಮೊದಲಿಗಿಂತ ನಿಧಾನವಾಗಿ. ನಿಧಾನವಾದದ್ದರಿಂದ ಕರುಳು ನೀರನ್ನು ಹೆಚ್ಚು ಹೀರುತ್ತದೆ, ಮಲ ಗಟ್ಟಿಯಾಗುತ್ತದೆ.

ಇನ್ನು ಬಾಗಿಲು. ಪೆಟ್ಟು ಎಲ್ಲಿ ಬಿತ್ತೆಂಬುದರ ಮೇಲೆ ಇದು ಎರಡು ಬಗೆ. ಬೆನ್ನುಹುರಿ ಸೊಂಟದ ತುದಿಯವರೆಗೂ ಇಳಿಯುವುದಿಲ್ಲ; ಪಕ್ಕೆಲುಬುಗಳು ಮುಗಿಯುವ ಜಾಗದ ಸ್ವಲ್ಪ ಕೆಳಗೆ, ಸೊಂಟದ ಮೊದಲ ಮೂಳೆಗಳ ಹತ್ತಿರ ಅದು ಮುಗಿಯುತ್ತದೆ. ಅಲ್ಲಿಂದ ಮುಂದೆ ಕುದುರೆಯ ಬಾಲದಂತೆ ನರಗಳ ಕುಚ್ಚು. ಪೆಟ್ಟು ಹುರಿಯ ತುದಿಗಿಂತ ಮೇಲೆ, ಕತ್ತಿನಲ್ಲೋ ಬೆನ್ನಿನ ನಡುವಿನಲ್ಲೋ ಬಿದ್ದಿದ್ದರೆ ಬಾಗಿಲು ಬಿಗಿಯಾಗಿರುತ್ತದೆ. ಆದರೆ ಕೆಳಗಿನಿಂದ ತಟ್ಟಿದರೆ ತಾನಾಗಿಯೇ ತೆರೆಯುವ ಗುಣ ಉಳಿದಿರುತ್ತದೆ. ಪೆಟ್ಟು ಹುರಿಯ ತುದಿಗೇ ಅಥವಾ ಆ ನರಗಳ ಕುಚ್ಚಿಗೆ ಬಿದ್ದಿದ್ದರೆ ಬಾಗಿಲು ಸಡಿಲ. ಎಷ್ಟು ತಟ್ಟಿದರೂ ಉತ್ತರವಿಲ್ಲ, ಕೆಮ್ಮಿದರೆ, ಬಗ್ಗಿದರೆ ಸೋರುತ್ತದೆ. ಯಾವ ಬಗೆಯೆಂಬುದನ್ನು ವೈದ್ಯರು ಪರೀಕ್ಷಿಸಿ ಹೇಳಬೇಕೇ ಹೊರತು ನಾವು ಊಹಿಸತಕ್ಕದ್ದಲ್ಲ. ಪೆಟ್ಟಾದ ಮೊದಲ ಕೆಲವು ದಿನ, ಕೆಲವರಲ್ಲಿ ಕೆಲವು ವಾರ, ಎಲ್ಲರಿಗೂ ಸಡಿಲವಾಗಿಯೇ ಇರುವುದುಂಟು. ಆದಕಾರಣ ಒಂದೆರಡು ತಿಂಗಳಾದ ಮೇಲೆ ಇನ್ನೊಮ್ಮೆ ತೋರಿಸಬೇಕು.

ಬಿಗಿಯಾದ ಬಾಗಿಲಿನವರ ಕ್ರಮವನ್ನು ಮೊದಲು ಹೇಳುತ್ತೇನೆ. ಹೊತ್ತು ಒಂದೇ ಇರಬೇಕು. ಬೆಳಿಗ್ಗೆಯಾದರೆ ಬೆಳಿಗ್ಗೆ, ಸಂಜೆಯಾದರೆ ಸಂಜೆ. ಇವತ್ತು ಆರು ಗಂಟೆ, ನಾಳೆ ಹತ್ತು ಗಂಟೆ ಎಂದರೆ ನಡೆಯದು. ರೇಷ್ಮೆ ಹುಳುವಿಗೆ ಸೊಪ್ಪು ಕೊಡುವ ಹೊತ್ತನ್ನು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಅದೇ ಶಿಸ್ತು ಇಲ್ಲಿಯೂ ಸಾಕು. ಪ್ರತಿದಿನವೋ ದಿನ ಬಿಟ್ಟು ದಿನವೋ ಎಂಬುದು ಅವರವರ ದೇಹಕ್ಕೆ ತಕ್ಕಂತೆ. ಮೂರು ದಿನ ಮೀರಲು ಬಿಡಬಾರದು. ಮೊದಲು ಏನನ್ನಾದರೂ ತಿಂದು ಬಿಸಿಯಾಗಿ ಕಾಫಿಯನ್ನೋ ರಾಗಿ ಗಂಜಿಯನ್ನೋ ಕುಡಿಯಬೇಕು. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುವ ಗುಣ ದೇವರು ಕೊಟ್ಟದ್ದು, ಹುರಿ ಹೋದರೂ ಅದು ಬಹುಮಟ್ಟಿಗೆ ಉಳಿಯುತ್ತದೆ. ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು ಕೆಲಸಕ್ಕೆ ತೊಡಗಬೇಕು. ಅಂಗೈಯನ್ನು ಹೊಟ್ಟೆಯ ಬಲಭಾಗದ ಕೆಳಗಿಟ್ಟು, ಮೇಲಕ್ಕೆ, ಅಡ್ಡಕ್ಕೆ, ಎಡಭಾಗದಲ್ಲಿ ಕೆಳಕ್ಕೆ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮೆತ್ತಗೆ ತಿಕ್ಕಿದರೆ ಸಹಾಯವಾಗುತ್ತದೆ. ಕರುಳು ಹೋಗುವ ದಾರಿ ಅದೇ.

ಆಮೇಲೆ ಕೈಗವಸು ತೊಟ್ಟು, ಬೆರಳಿಗೆ ಜೆಲ್ಲಿ ಸವರಿ, ಬಾಗಿಲಲ್ಲೇ ಮಲವಿದ್ದರೆ ಅದನ್ನು ನಿಧಾನವಾಗಿ ತೆಗೆಯಬೇಕು. ಔಷಧಿ ಅಂಗಡಿಯಲ್ಲಿ ಸಪೋಸಿಟರಿ ಎಂದು ಹೇಳುವ, ಗುದದೊಳಗೆ ಇಡುವ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟಿದ್ದರೆ ಕರುಳಿನ ಗೋಡೆಗೆ ತಾಗುವಂತೆ ಇಡತಕ್ಕದ್ದು. ಮಲದ ಉಂಡೆಯೊಳಗೆ ಚುಚ್ಚಿಟ್ಟರೆ ಅದು ಕರಗಿಯೂ ಪ್ರಯೋಜನವಿಲ್ಲ; ಅನೇಕ ಮನೆಗಳಲ್ಲಿ ಆಗುವ ತಪ್ಪು ಇದೇ. ಹದಿನೈದು ನಿಮಿಷದಿಂದ ಒಂದು ಗಂಟೆಯೊಳಗೆ ಅದು ಕೆಲಸ ಮಾಡುತ್ತದೆ. ಬೆರಳಿನಿಂದ ತಟ್ಟುವ ಕ್ರಮ ಹೀಗೆ: ಬೆರಳನ್ನು ಒಂದು ಅಂಗುಲದಷ್ಟು ಒಳಗಿಟ್ಟು, ಗೋಡೆಗೆ ತಾಗಿಸಿ, ವೃತ್ತಾಕಾರವಾಗಿ ಹದಿನೈದು ಇಪ್ಪತ್ತು ಸೆಕೆಂಡು ಮೆತ್ತಗೆ ತಿರುಗಿಸುವುದು. ಬಾಗಿಲು ಸಡಿಲಗೊಂಡದ್ದು ಬೆರಳಿಗೇ ತಿಳಿಯುತ್ತದೆ. ಒಂದು ನಿಮಿಷಕ್ಕಿಂತ ಹೆಚ್ಚು ಮಾಡಬಾರದು. ಐದು ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಬಹುದು. ಉಗುರು ಕತ್ತರಿಸಿರಬೇಕು, ಉಂಗುರ ತೆಗೆದಿರಬೇಕು. ಅಂಗಡಿಯ ಜೆಲ್ಲಿಯ ಬದಲು ಕೊಬ್ಬರಿ ಎಣ್ಣೆ ಆಗದೇ ಎಂದು ಕೇಳುತ್ತೀರಿ. ಎಣ್ಣೆ ರಬ್ಬರಿನ ಕೈಗವಸನ್ನು ಕೆಡಿಸಿ ಹರಿಯುವಂತೆ ಮಾಡುತ್ತದೆ, ಆದ್ದರಿಂದ ಬೇಡ. ಇದನ್ನೆಲ್ಲ ನನ್ನ ಮಾತು ಕೇಳಿ ಮಾಡುವುದಕ್ಕಿಂತ ಆಸ್ಪತ್ರೆಯಿಂದ ಬಿಡುವ ಮೊದಲೇ ದಾದಿಯವರಿಂದ ಕಣ್ಣಾರೆ ನೋಡಿ, ಕೈಯಾರೆ ಮಾಡಿ ಕಲಿಯಬೇಕು. ಕಲಿಸಿಕೊಡದೆ ಕಳುಹಿಸಿದರೆ, ಕಲಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಸಡಿಲ ಬಾಗಿಲಿನವರಿಗೆ ತಟ್ಟುವುದರಿಂದ ಫಲವಿಲ್ಲ. ಅವರಿಗೆ ಬೆರಳಿನಿಂದಲೇ ಮಲವನ್ನು ತೆಗೆಯಬೇಕು. ದಿನಕ್ಕೆ ಒಂದು ಸಲ, ಕೆಲವರಿಗೆ ಎರಡು ಸಲ. ಅವರ ಮಲ ಸ್ವಲ್ಪ ಗಟ್ಟಿಯಾಗಿ ರೂಪುಗೊಂಡಿರುವುದೇ ಒಳ್ಳೆಯದು, ತೆಳುವಾದರೆ ಸೋರುತ್ತದೆ. ಮೊದಲನೆಯವರಿಗೆ ಮೆತ್ತಗಿರಬೇಕು, ಇವರಿಗೆ ಗಟ್ಟಿಯಾಗಿರಬೇಕು. ಒಬ್ಬರ ಔಷಧಿಯನ್ನು ಇನ್ನೊಬ್ಬರು ಕೇಳಿ ತೆಗೆದುಕೊಳ್ಳುವುದು ಇಲ್ಲಿ ಏಕೆ ಕೂಡದೆಂಬುದು ಇದರಿಂದ ತಿಳಿಯಿತಷ್ಟೆ.

ಮೊದಲ ವಾರದಲ್ಲೇ ಸರಿಯಾಗಲಿಲ್ಲ ಎಂದು ಕೈಬಿಡುವವರು ಬಹಳ. ಹೊಸ ಎತ್ತು ನೊಗಕ್ಕೆ ಒಗ್ಗಲು ಎಷ್ಟು ದಿನ ಬೇಕು? ಇದಕ್ಕೂ ವಾರಗಳು ಬೇಕು. ಏನನ್ನಾದರೂ ಬದಲಾಯಿಸುವುದಿದ್ದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಅದನ್ನು ಒಂದೆರಡು ವಾರ ನೋಡಬೇಕು. ಹೊತ್ತು, ಊಟ, ಮಾತ್ರೆ ಮೂರನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂಬುದು ತಿಳಿಯುವ ಬಗೆ ಹೇಗೆ? ಹಾಲಿನ ಡೇರಿಯ ಲೆಕ್ಕದ ಪುಸ್ತಕದಂತೆ ಒಂದು ಪುಸ್ತಕವಿಟ್ಟು ದಿನಾಂಕ, ಹೊತ್ತು, ಎಷ್ಟಾಯಿತು, ಗಟ್ಟಿಯೋ ತೆಳುವೋ, ಸೋರಿತೋ ಇಲ್ಲವೋ ಎಂಬುದನ್ನು ಬರೆದಿಡಿ. ವೈದ್ಯರ ಬಳಿ ಹೋದಾಗ ಆ ಪುಸ್ತಕ ಹತ್ತು ಮಾತಿಗೆ ಸಮ.

ಊಟದ ಮಾತು. ನಮ್ಮ ಮುದ್ದೆ ಮತ್ತು ಸೊಪ್ಪಿನ ಸಾರು ಇದಕ್ಕೆ ಬಲು ಒಳ್ಳೆಯ ಜೊತೆ. ಅವರೆ, ಹುರುಳಿ, ಸೀಬೆ, ಪರಂಗಿ ಎಲ್ಲವೂ ಆಗಬಹುದು. ದೇವನಹಳ್ಳಿಯ ಚಕ್ಕೋತವೂ ಒಳ್ಳೆಯದೇ, ಆದರೆ ಅದು ಕೆಲವು ಔಷಧಿಗಳ ಜೊತೆ ಹೊಂದುವುದಿಲ್ಲ. ಮಾತ್ರೆ ನುಂಗುತ್ತಿರುವವರು ಒಂದು ಮಾತು ಕೇಳಿ ತಿನ್ನಲಿ. ನಾರು ಒಳ್ಳೆಯದೆಂದು ಒಮ್ಮೆಗೇ ಹೆಚ್ಚಿಸಬಾರದು. ನಿಧಾನವಾದ ಕರುಳಿಗೆ ನಾರನ್ನು ತುಂಬಿ ನೀರನ್ನು ಕೊಡದಿದ್ದರೆ ಹೊಟ್ಟೆ ಉಬ್ಬಿ ಇನ್ನಷ್ಟು ಕಟ್ಟುತ್ತದೆ. ನೀರು ಎಷ್ಟೆಂಬುದನ್ನು ಮೂತ್ರದ ಏರ್ಪಾಡನ್ನು ನೋಡಿ ವೈದ್ಯರು ಹೇಳುತ್ತಾರೆ. ನಳಿಕೆ ಹಾಕಿ ಹೊತ್ತುಹೊತ್ತಿಗೆ ಮೂತ್ರ ತೆಗೆಯುವವರಿಗೆ ಅದಕ್ಕೊಂದು ಮಿತಿ ಇರುತ್ತದೆ. ಕಬ್ಬಿಣದ ಮಾತ್ರೆ, ಕೆಲವು ನೋವಿನ ಮಾತ್ರೆ, ಮೂತ್ರಕೋಶಕ್ಕೆ ಕೊಡುವ ಕೆಲವು ಮಾತ್ರೆಗಳು ಮಲವನ್ನು ಕಟ್ಟಿಸುತ್ತವೆ ಎಂಬುದೂ ನೆನಪಿರಲಿ.

ಹರಳೆಣ್ಣೆಯ ವಿಷಯದಲ್ಲಿ ಹಿರಿಯರು ನನ್ನನ್ನು ಕ್ಷಮಿಸಬೇಕು. ವಾರವಿಡೀ ಸುಮ್ಮನಿದ್ದು ಭಾನುವಾರ ಹರಳೆಣ್ಣೆ ಕುಡಿಸಿ ಎಲ್ಲವನ್ನೂ ತೊಳೆದುಬಿಡುವುದು ನಮ್ಮ ಕಡೆಯ ಪದ್ಧತಿ. ತಡೆಯುವ ಶಕ್ತಿಯಿದ್ದವನಿಗೆ ಅದು ಸರಿಹೋಗಬಹುದು. ತಡೆಯಲಾರದವನಿಗೆ ಅದು ಇಡೀ ದಿನದ ಅವಮಾನ, ಜೊತೆಗೆ ಕಷ್ಟಪಟ್ಟು ಕಲಿಸಿದ ಹೊತ್ತೂ ತಪ್ಪುತ್ತದೆ. ಸೋಪಿನ ನೀರಿನ ಎನಿಮಾವನ್ನು ನಿತ್ಯದ ಅಭ್ಯಾಸ ಮಾಡಿಕೊಳ್ಳುವುದೂ ಸರಿಯಲ್ಲ, ಕರುಳಿನ ಒಳಪದರ ಕೆರಳುತ್ತದೆ.

ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿದೆ, ತಾಯಂದಿರು ಗಮನವಿಟ್ಟು ಕೇಳಬೇಕು. ಆರೆಂಟು ದಿನ ಹೋಗದೆ ಇದ್ದವನಿಗೆ ಇದ್ದಕ್ಕಿದ್ದಂತೆ ನೀರುನೀರಾಗಿ ಸ್ವಲ್ಪಸ್ವಲ್ಪವೇ ಸೋರತೊಡಗಿದರೆ, ಭೇದಿಯಾಯಿತೆಂದು ಭೇದಿ ನಿಲ್ಲಿಸುವ ಮಾತ್ರೆ ಕೊಡುತ್ತಾರೆ. ಅನೇಕ ವೇಳೆ ಅದು ಭೇದಿಯೇ ಅಲ್ಲ. ಒಳಗೆ ಕಲ್ಲಿನಂತೆ ಕಟ್ಟಿರುವ ಮಲದ ಪಕ್ಕದಿಂದ ಮೇಲಿನ ನೀರು ನುಸುಳಿ ಬರುತ್ತಿರುತ್ತದೆ, ತೂಬಿಗೆ ಕಸ ಸಿಕ್ಕಿಕೊಂಡಾಗ ಸಂದಿಯಲ್ಲಿ ನೀರು ಒಸರುವ ಹಾಗೆ. ನಿಲ್ಲಿಸುವ ಮಾತ್ರೆ ಕೊಟ್ಟರೆ ಕಟ್ಟು ಇನ್ನೂ ಬಿಗಿಯಾಗುತ್ತದೆ. ಹೊಟ್ಟೆ ಉಬ್ಬಿದೆ, ಊಟ ಸೇರುವುದಿಲ್ಲ, ವಾಂತಿಯಾಗುತ್ತಿದೆ ಎಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನೋವಿಲ್ಲವೆಂದು ಅವನು ಹೇಳಿದರೂ ನಂಬಬೇಡಿ. ನೋವನ್ನು ತಿಳಿಸುವ ಹುರಿಯೇ ಕಡಿದಿದೆ.

ಇನ್ನೊಂದು ಅಪಾಯ ಕತ್ತಿಗೆ ಅಥವಾ ಎದೆಯ ಮೇಲ್ಭಾಗದ ಬೆನ್ನೆಲುಬಿಗೆ, ಎಂದರೆ ಬೆನ್ನಿನ ಆರನೆಯ ಎಲುಬಿನ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಪೆಟ್ಟಾದವರಿಗೆ ಸೇರಿದ್ದು. ಮಲ ಕಟ್ಟಿದಾಗ, ಮೂತ್ರಕೋಶ ತುಂಬಿದಾಗ, ಕೆಲವು ಸಲ ಬೆರಳಿನ ಕೆಲಸ ನಡೆಯುತ್ತಿರುವಾಗಲೇ, ಅವರಿಗೆ ತಲೆ ಸಿಡಿದುಹೋಗುವಂತೆ ನೋಯುತ್ತದೆ, ಮುಖ ಕೆಂಪೇರುತ್ತದೆ, ಪೆಟ್ಟಿನ ಮೇಲಿನ ಭಾಗದಲ್ಲಿ ಬೆವರು ಸುರಿಯುತ್ತದೆ, ಮೈ ಜುಮ್ಮೆನ್ನುತ್ತದೆ. ರಕ್ತದ ಒತ್ತಡ ಏಕಾಏಕಿ ಏರಿರುವ ಗುರುತು ಇದು; ಮಿದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣವೂ ಹೋಗಬಹುದು. ಮಾಡುತ್ತಿದ್ದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಅವನನ್ನು ನೆಟ್ಟಗೆ ಕೂರಿಸಿ, ಬಿಗಿಯಾದ ಬಟ್ಟೆ ಪಟ್ಟಿಗಳನ್ನು ಸಡಿಲಿಸಿ, ಮೂತ್ರದ ನಳಿಕೆ ಮಡಿಸಿಕೊಂಡಿದೆಯೇ ನೋಡಿ. ಐದು ನಿಮಿಷದಲ್ಲಿ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಎಲ್ಲ ವೈದ್ಯರೂ ದಿನವೂ ನೋಡುವ ಕಾಯಿಲೆ ಇದಲ್ಲ. ಆದ್ದರಿಂದ ಬೆನ್ನುಹುರಿಗೆ ಪೆಟ್ಟಾಗಿದೆ, ಮಲಮೂತ್ರ ಕಟ್ಟಿದ್ದರಿಂದ ಒತ್ತಡ ಏರಿದೆ ಎಂದು ನೀವೇ ಬಾಯಿಬಿಟ್ಟು ಹೇಳಬೇಕು.

ಇಷ್ಟೆಲ್ಲ ಕೇಳಿ, ಹೀಗೆ ಬದುಕಿ ಏನು ಪ್ರಯೋಜನ ಎನ್ನುವವರು ಇದ್ದೇ ಇರುತ್ತಾರೆ. ಒಂದು ಕಾಲದಲ್ಲಿ ವೈದ್ಯರೇ ಹಾಗೆನ್ನುತ್ತಿದ್ದರು. ಎರಡನೆಯ ಮಹಾಯುದ್ಧದ ನಡುವೆ, 1944ರಲ್ಲಿ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ ಲುಡ್ವಿಗ್ ಗಟ್‌ಮನ್ ಎಂಬ ವೈದ್ಯರು ಬೆನ್ನುಹುರಿ ಪೆಟ್ಟಿನ ಸೈನಿಕರಿಗೆಂದು ಪ್ರತ್ಯೇಕ ವಾರ್ಡು ತೆರೆದರು. ಹಾಸಿಗೆ ಹುಣ್ಣು ಬಾರದಂತೆ ಹೊರಳಿಸುವುದು, ಮೂತ್ರ ಮಲಗಳಿಗೆ ಕ್ರಮ ಕಲಿಸುವುದು, ಕೈಗೆ ಕೆಲಸ ಕೊಡುವುದು, ಇವುಗಳಿಂದ ಸಾಯುವರೆಂದು ಬಿಟ್ಟವರು ಬದುಕಿದರು. ದೂರದ ಮಾತೆನ್ನುವಿರಾ? ನಮ್ಮವರು ಕಾಯಿಲೆಗೆಂದು ಹೋಗಿಬರುವ ವೆಲ್ಲೂರನ್ನೇ ತೆಗೆದುಕೊಳ್ಳಿ. ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ತರುಣ ವೈದ್ಯೆ ಮೇರಿ ವರ್ಗೀಸ್ 1954ರಲ್ಲಿ ಮೋಟಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗಿನ ಸ್ವಾಧೀನವನ್ನು ಕಳೆದುಕೊಂಡರು. ಗಾಲಿಕುರ್ಚಿಯಲ್ಲೇ ಕುಳಿತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಕ್ರಿಯೆ ಮಾಡಿದರು, ಅಮೆರಿಕೆಗೆ ಹೋಗಿ ಪುನರ್ವಸತಿ ವೈದ್ಯವನ್ನು ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕುರ್ಚಿಯ ಮೇಲೆ ಗಂಟೆಗಟ್ಟಲೆ ಕುಳಿತು ಅಂಥ ನಾಜೂಕಿನ ಕೆಲಸ ಮಾಡಬೇಕಾದರೆ ಕರುಳು ಹೊತ್ತಿಗೆ ಕಟ್ಟುಬೀಳಬೇಕಲ್ಲವೇ?

ಕರ್ನಾಟಕದಲ್ಲಿಯೂ ಕಲಿಸುವವರಿದ್ದಾರೆ. ಪೋಲಿಯೋದಿಂದ ಸ್ವತಃ ಗಾಲಿಕುರ್ಚಿ ಹಿಡಿದಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ, ಎ. ಪಿ. ಡಿ. ಎಂದು ಹೆಸರಾದ ಸಂಸ್ಥೆ ಬೆನ್ನುಹುರಿ ಪೆಟ್ಟಿನವರ ಪುನರ್ವಸತಿಯ ಕೆಲಸವನ್ನೂ ಮಾಡುತ್ತದೆ. ನಿಮ್ಹಾನ್ಸ್‌ನಲ್ಲಿ ಪುನರ್ವಸತಿಗೆಂದೇ ವಿಭಾಗವಿದೆ. ಬೆಳ್ತಂಗಡಿ ತಾಲ್ಲೂಕಿನ ಸೌತಡ್ಕದಲ್ಲಿ ಸೇವಾಧಾಮವೆಂಬ ಕೇಂದ್ರವಿದೆ. ಇಂಥ ಕಡೆ ಹೋದರೆ ದೊಡ್ಡ ಲಾಭವೆಂದರೆ ಅದೇ ಪೆಟ್ಟು ತಿಂದು ಹತ್ತಾರು ವರ್ಷ ಬಾಳಿದವರ ಪರಿಚಯ. ವೈದ್ಯರ ಮುಂದೆ ಬಾರದ ಮಾತು ಅವರ ಮುಂದೆ ತಾನಾಗಿ ಬರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪ್ರಕಾರ ಪ್ರಮಾಣಪತ್ರ ಪಡೆಯಲು, ಮಾಸಾಶನಕ್ಕೆ ಅರ್ಜಿ ಹಾಕಲು, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಕೊನೆಗೆ ಮನೆಯ ಮಾತು. ಈ ಕೆಲಸ ಯಾರದು? ಹೇಳದೆಯೇ ಹೆಂಡತಿಯ ತಲೆಗೆ, ಇಲ್ಲವೇ ತಾಯಿಯ ತಲೆಗೆ ಬೀಳುತ್ತದೆ. ಕೈಗಳು ಗಟ್ಟಿಯಿದ್ದವನು ಅಭ್ಯಾಸ ಮಾಡಿದರೆ ಬಹುಪಾಲನ್ನು ತಾನೇ ಮಾಡಿಕೊಳ್ಳಬಲ್ಲ, ಮಾಡಿಕೊಳ್ಳಲೂ ಬೇಕು. ಕೈಗೂ ಶಕ್ತಿಯಿಲ್ಲದವನಿಗೆ ಮನೆಯಲ್ಲಿ ಇಬ್ಬರು ಕಲಿತಿರಬೇಕು. ಅದರಲ್ಲಿ ಒಬ್ಬ ಗಂಡಸಾಗಿರಲಿ. ಒಬ್ಬಳೇ ಹೆಂಗಸು ವರ್ಷಗಟ್ಟಲೆ ತವರಿಗೂ ಹೋಗದೆ ಇದನ್ನೇ ಮಾಡುತ್ತಿರಬೇಕೆಂಬುದು ನ್ಯಾಯವಲ್ಲ.

ಆದಷ್ಟು ಮಟ್ಟಿಗೆ ಮಲಗಿ ಮಾಡುವುದಕ್ಕಿಂತ ಕುಳಿತು ಮಾಡುವುದು ಮೇಲು, ಭಾರ ತಾನಾಗಿ ಇಳಿಯುತ್ತದೆ. ಕೂರಲಾರದವರು ಎಡಮಗ್ಗುಲಾಗಿ ಮಲಗಬೇಕು. ಕುಕ್ಕುರುಗಾಲಿನ ಕಕ್ಕಸು ಇವರಿಗೆ ಆಗದು. ಊರಿನ ಬಡಗಿಯೇ ಗಟ್ಟಿ ಕುರ್ಚಿಯ ನಡುವೆ ತೂತು ಮಾಡಿ ಕೊಡಬಲ್ಲ. ಬರಿಯ ಹಲಗೆಯ ಮೇಲೆ ಕೂರಿಸಕೂಡದು, ದಪ್ಪ ಫೋಮಿನ ಮೆತ್ತೆ ಹೊದಿಸಿ ಮೇಲೆ ರೆಕ್ಸಿನ್ ಹೊಲಿಸಬೇಕು. ಅರಿವಿಲ್ಲದ ಚರ್ಮ ಒಂದೇ ಸಲಕ್ಕೆ ಒತ್ತಿ ಹುಣ್ಣಾಗುತ್ತದೆ, ಆ ಹುಣ್ಣು ತಿಂಗಳುಗಟ್ಟಲೆ ಮಾಯುವುದಿಲ್ಲ. ಕುಳಿತಿರುವಾಗ ನಡುನಡುವೆ ಕೈಯೂರಿ ಮೈ ಎತ್ತಬೇಕು, ಮುಗಿದ ಮೇಲೆ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳಬೇಕು. ಪಂಚಾಯಿತಿಯ ಸಹಾಯಧನದಿಂದ ಕಕ್ಕಸು ಕಟ್ಟಿಸುವವರು ಈಗಲೇ ಮೇಸ್ತ್ರಿಗೆ ಹೇಳಿಡಿ: ಬಾಗಿಲು ಮೂರು ಅಡಿ ಅಗಲವಿರಲಿ, ಹೊಸಲು ಬೇಡ, ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಇರಲಿ, ಗೋಡೆಗೆ ಹಿಡಿದುಕೊಳ್ಳುವ ಕಬ್ಬಿಣದ ಕೊಳವೆ ಇರಲಿ. ಮನೆಯ ಮುದುಕರಿಗೂ ಬಸುರಿಯರಿಗೂ ಅದೇ ಬಾಗಿಲು ಅನುಕೂಲ.